ಬೀಳದ ಏಟು

"ಗುರುಗಳೇ, ನನಗೆ ಏನನ್ನೂ ಮಾಡದವನಿಗೂ ನಾನು ನಮಸ್ಕಾರ ಮಾಡಬೇಕೆ?" ಎಂದು ಅಡಿವೆಯ್ಯ ಕೇಳಿದ.

ಮರುದಿನ ಅವನು ಮಠ ಬಿಟ್ಟು ಹೊರಡುವವನಿದ್ದ. ಆ ಮಠದ ಕಟ್ಟಳೆ ಸುಲಭದ್ದಲ್ಲ. ತಡವಾಗಿ ಎದ್ದವನಿಗೆ ಉಪವಾಸ, ಕದ್ದವನಿಗೆ ಅಂದೇ ಊರಿನ ದಾರಿ. ಅಂಥ ಕಡೆ ಎಂಟರ ವಯಸ್ಸಿಗೆ ಬಂದು ಹನ್ನೆರಡು ವರ್ಷ ಕಲಿತು ಮುಗಿಸಿದ್ದ. ಎದೆ ತುಂಬಿ ಬಂದಿತ್ತು. ಓದು ಕಲಿಸಿದವರಿಗೆ, ಜ್ವರದಲ್ಲಿ ಕಷಾಯ ಕುಡಿಸಿದವರಿಗೆ, ಅಷ್ಟೇಕೆ, ಬಾವಿಯ ಹಗ್ಗ ಹೊಸೆದುಕೊಡುವ ಮುದುಕನಿಗೂ ಕಾಲು ಮುಟ್ಟಿ ಬಂದಿದ್ದ. ಉಳಿದವನು ಒಬ್ಬನೇ, ಅಡುಗೆಯ ಮುಪ್ಪಯ್ಯ.

"ಎಲ್ಲರ ಉಪಕಾರವೂ ನೆನಪಿದೆ. ಮುಪ್ಪಯ್ಯನದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಬಡಿಸಿದವನಲ್ಲ. ಇವತ್ತಿಗೂ ನನ್ನನ್ನು ಕಂಡರೆ ಮೊದಲು ತುಪ್ಪದ ಗಡಿಗೆಯ ಬಾಯಿ ಮುಚ್ಚುತ್ತಾನೆ!"

ಗುರುಗಳು ನಕ್ಕರು. "ಕುಳಿತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಹರಳುಗಲ್ಲು ಕೂಡಿಡುವ ಹುಚ್ಚು. ಉಂಗುರಕ್ಕೆ ಕೂರಿಸುವ ಹರಳಲ್ಲ ಮತ್ತೆ. ಉಜ್ಜದೆ, ಕೊರೆಯದೆ, ಭೂಮಿ ಹೇಗೆ ಹೆತ್ತಿತೋ ಹಾಗೆಯೇ, ಹುಟ್ಟಿದ ಬಂಡೆಯ ತುಂಡಿನ ಸಮೇತ ಇರುವ ಹರಳು. ಪ್ರತಿಯೊಂದಕ್ಕೂ ಅರಳೆ ಹಾಸಿ ಮಲಗಿಸುತ್ತಿದ್ದ. ಯಾವ ಊರು, ಯಾವ ಬಾವಿ, ಎಷ್ಟು ಆಳ ಎಂದು ಚೀಟಿ ಬರೆದು ಕೆಳಗಿಡುತ್ತಿದ್ದ. "ನಮ್ಮ ಮಕ್ಕಳಿಗೂ ಇಷ್ಟು ಮೆತ್ತಗೆ ಹಾಸಿರಲಿಲ್ಲ ನೀವು" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಇದ್ದುದರಲ್ಲೆಲ್ಲ ಒಂದು ಕಲ್ಲು ಮೇಲು. ಬಾವಿ ತೋಡುವಾಗ ಕರಿಬಂಡೆಯ ಪೊಟರೆಯಲ್ಲಿ ಸಿಕ್ಕಿದ್ದು. ಬಿಳಿಯ ಹಾಸಿನ ಮೇಲೆ ಬಾಳೆಯ ಸುಳಿಯ ಬಣ್ಣದ ಹರಳುಗಳು. ನೂರಾರು ಮೊನೆ, ಒಂದೂ ಮುಕ್ಕಾಗಿರಲಿಲ್ಲ. ಹರಳು ಕೂಡಿಡುವವರು ಮೊದಲು ನೋಡುವುದೇ ಅದನ್ನು.

ಮುಪ್ಪಿನಲ್ಲಿ ವರ್ತಕನಿಗೆ ಒಂದು ಯೋಚನೆ ಹತ್ತಿತು. ಈ ಕಲ್ಲು ಇಷ್ಟು ವರ್ಷ ಸಂತೋಷ ಕೊಟ್ಟಿದೆ. ಇದನ್ನು ತನ್ನ ಕೈ ಸೇರಿಸಿದವರಲ್ಲಿ ಒಬ್ಬರನ್ನೂ ಮರೆತು ಕಣ್ಣು ಮುಚ್ಚಬಾರದು. ಹುಲ್ಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಗಾಡಿಯವನಿಗೆ ಶಾಲು ಹೊದಿಸಿದ. ಅಂಟುವಾಳದ ನೀರಿನಲ್ಲಿ ಕೋಳಿಗರಿ ಅದ್ದಿ ತಿಂಗಳುಗಟ್ಟಲೆ ಮಣ್ಣು ತೊಳೆದ ಹೆಂಗಸಿಗೆ ಸೀರೆ ಕೊಟ್ಟ. ಕಡೆಗೆ, ಆ ಬಾವಿಯಲ್ಲಿ ಬಂಡೆ ಒಡೆದವನನ್ನು ಹುಡುಕಿಸಿ ಕರೆಸಿದ.

"ಈ ಕಲ್ಲಿಗೆ ನೀನು ಏನು ಮಾಡಿದೆ, ಹೇಳಪ್ಪಾ" ಎಂದ.

"ನಾನೇನು ಮಾಡಿದೆ ಸಾಹುಕಾರರೇ? ಹೊರಗೆ ತೆಗೆದವರು ಬೇರೆ. ನಾನು ಅವತ್ತು ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಹೋದೆ."

ವರ್ತಕನಿಗೆ ನಿರಾಸೆಯಾಯಿತು. ಇಷ್ಟು ದೂರ ಕರೆಸಿದ್ದು ಇಂಥವನನ್ನೇ? "ಸರಿ, ಹೋಗಿ ಬಾ" ಎಂದ. ಆ ಮನುಷ್ಯ ಎಡಗೈ ಎತ್ತಿ ಹಣೆಗೆ ಮುಟ್ಟಿಸಿದ.

ವರ್ತಕನಿಗೆ ಸಿಟ್ಟು ಬಂತು. "ಎಡಗೈಯಲ್ಲಿ ನಮಸ್ಕಾರವೇ! ಬಲಗೈಯನ್ನು ಮನೆಯಲ್ಲಿ ಮರೆತು ಬಂದೆಯಾ?"

"ತಪ್ಪು ತಿಳಿಯಬೇಡಿ ಸಾಹುಕಾರರೇ. ಅದು ಮೇಲೇಳುವುದಿಲ್ಲ. ಅವತ್ತು ಒಂದು ಏಟಿಗೆ ಬಂಡೆ ಬಿರುಕು ಬಿಟ್ಟಿತು. ಇನ್ನೊಂದಕ್ಕೆ ಸುತ್ತಿಗೆ ಎತ್ತಿ ಬೀಸಿಯೂ ಆಗಿತ್ತು, ಆಗ ಒಳಗೇನೋ ಹಸಿರು ಹೊಳೆಯಿತು. ಬಹಳ ಚೆನ್ನಾಗಿ ಕಂಡಿತು. ಬೀಳುತ್ತಿದ್ದ ಸುತ್ತಿಗೆಯನ್ನು ಎಳೆದು ಹಿಡಿದೆ. ಭುಜದ ಕೀಲು ತಪ್ಪಿತು. ಕಲ್ಲು ಒಡೆಯೋ ಅಂದರೆ ಕೈ ಮುರಿದುಕೊಂಡ ಅಂತ ಜೊತೆಯವರು ಇನ್ನೂ ನಗುತ್ತಾರೆ."

ವರ್ತಕ ಕಲ್ಲಿನ ಕಡೆ ತಿರುಗಿದ. ಒಂದೊಂದೇ ಮೊನೆಯನ್ನು ನೋಡಿದ. ಇಷ್ಟು ವರ್ಷ ತಾನು ನೋಡಿ ಹಿಗ್ಗಿದ್ದು, ಬೀಳದೆ ಹೋದ ಒಂದು ಏಟನ್ನು. ತನ್ನ ಮೈಮೇಲಿನ ಶಾಲನ್ನೇ ತೆಗೆದು ಆ ಬಲಭುಜಕ್ಕೆ ಹೊದಿಸಿದ. ಕಲ್ಲಿನ ಕೆಳಗಿನ ಚೀಟಿ ಎಳೆದು, ಊರು, ಬಾವಿ, ಆಳ ಬರೆದಿದ್ದ ಕಡೆ ಎಲ್ಲಕ್ಕಿಂತ ಮೇಲೆ ಅವನ ಹೆಸರು ಬರೆದ.

ಅಡಿವೆಯ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಬಿಡಲಿಲ್ಲ.

"ಅವನಿಗೆ ಸಲ್ಲಬೇಕಾದದ್ದೇ, ಗುರುಗಳೇ. ಆದರೆ ನಮ್ಮ ಮುಪ್ಪಯ್ಯ ಯಾವ ಸುತ್ತಿಗೆ ಎಳೆದು ಹಿಡಿದ?"

ಗುರುಗಳು ಹೇಳಿದರು: "ನೀನು ಬಂದ ವರ್ಷ ನೆಲುವಿನ ಮೇಲಿನ ತುಪ್ಪ ಕದ್ದವರು ಯಾರೆಂದು ನಾನು ಮೂರು ಸಲ ಕೇಳಿದೆ, ಮೂರು ಸಲವೂ ಮುಪ್ಪಯ್ಯ, ನಮ್ಮ ಮಠದಲ್ಲಿ ಇಲ್ಲದೇ ಇದ್ದ ಬೆಕ್ಕನ್ನು ಬೈದ."