ಕೆಂಪು ಬಂಡೆಗೆ ಎರಡು ಕಾಲು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬಂಡೆಗಳು ಆಗ ಬೆಳೆಯುತ್ತಿದ್ದವು. ಗಿಡಗಳಷ್ಟು ಬೇಗ ಅಲ್ಲ, ಆದರೆ ಗಿಡಗಳಿಗಿಂತ ಹೆಚ್ಚು ಜಂಬದಿಂದ.

ಕೆಂಪು ಮರಳಿನ ಸೀಮೆಯಲ್ಲಿ, ಮಳೆ ದಾರಿ ತಪ್ಪಿದಾಗ ಮಾತ್ರ ಬರುತ್ತಿದ್ದ ಜಾಗದಲ್ಲಿ, ಎರಡು ಊರುಗಳ ನಡುವೆ ಒಂದು ಮರಳುಗಲ್ಲಿನ ಬಂಡೆ ಅಡ್ಡ ಮಲಗಿತ್ತು. ಸಂಕವ್ವ ತನ್ನ ಮಗಳು ಬಾಳವ್ವನನ್ನು ಆಚೆ ಊರಿಗೆ ಕೊಟ್ಟಾಗ ಅದು ಮೊಣಕಾಲೆತ್ತರ ಇತ್ತು. ದಿಬ್ಬಣದವರು ಸೀರೆ ಎತ್ತಿ, ಧೋತರ ಎತ್ತಿ ದಾಟಿ ಹೋಗಿದ್ದರು. ಯಾರೂ ಅದಕ್ಕೆ ಒಂದು ಮಾತು ಹೇಳಲಿಲ್ಲ. ಎಳೆಯದರಲ್ಲಿ ಹೇಳದಿದ್ದರೆ ಏನಾಗುತ್ತದೋ ಅದೇ ಆಯಿತು. ವರ್ಷ ತುಂಬುವುದರೊಳಗೆ ಬಂಡೆ ಮೋಡಕ್ಕೆ ತಲೆ ತಾಗಿಸಿಕೊಂಡು ಗೋಡೆಯಂತೆ ನಿಂತಿತ್ತು.

ಒಂದು ಬೆಳಿಗ್ಗೆ ಹದ್ದು ಸುದ್ದಿ ತಂದಿತು. ಬಾಳವ್ವನಿಗೆ ತಿಂಗಳು ತುಂಬಿದೆ. ಮೂರು ದಿನದಿಂದ ತುತ್ತು ಮುಟ್ಟಿಲ್ಲ. ಅತ್ತೆ ಏಳು ಬಗೆ ಅಡುಗೆ ಮಾಡಿ ಸೋತಿದ್ದಾಳೆ. ಅವ್ವನ ಕೈಯ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಬೇರೆ ಏನೂ ಬೇಡವಂತೆ. ಇವತ್ತೋ ನಾಳೆಯೋ ಹೆರಿಗೆ. ಖಾಲಿ ಹೊಟ್ಟೆಯಲ್ಲಿ ನೋವು ತಿನ್ನುವ ಶಕ್ತಿ ಎಲ್ಲಿಂದ ಬರಬೇಕು ಎಂದು ಸೂಲಗಿತ್ತಿ ತಲೆ ಅಲ್ಲಾಡಿಸಿದಳಂತೆ.

ಸಂಕವ್ವ ರೊಟ್ಟಿ ಬಡಿದಳು. ಬುಟ್ಟಿಯಲ್ಲಿ ಗುಪ್ಪೆಯಾಗಿ ಒಟ್ಟಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಬುಟ್ಟಿ ಏರಿಸಿ ಹೊರಟಳು. ಬಸುರಿಗೆ ಒಯ್ಯುವ ಬುತ್ತಿಯನ್ನು ಒಮ್ಮೆ ತಲೆಗೇರಿಸಿದ ಮೇಲೆ ಅವಳ ಹೊಸ್ತಿಲ ತನಕ ಇಳಿಸಬಾರದು ಎಂದು ಸಂಕವ್ವನ ಅತ್ತೆ ಹಿಂದೆ ಹೇಳಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ಅತ್ತೆ ಯಾಕೆ ಎಂದು ಕೇಳಿಸಿಕೊಳ್ಳುವ ಪೈಕಿ ಆಗಿರಲಿಲ್ಲ.

ಕೊರಕಲು ಇಳಿದು, ಕೊರಕಲು ಹತ್ತಿ, ಬಿಸಿ ಮರಳಿನಲ್ಲಿ ನಡೆದು ನಡೆದು, ಮಧ್ಯಾಹ್ನಕ್ಕೆ ಬಂಡೆಯ ಬುಡ ಮುಟ್ಟಿದಳು.

"ತಮ್ಮಾ, ಒಂಚೂರು ಬಗ್ಗು. ಆಚೀಕಡೆ ನನ್ನ ಮಗಳು ಹಸದಾಳ."

"ನನಗ ಬಗ್ಗಾಕ ಬರೂದಿಲ್ಲಬೇ," ಅಂದಿತು ಬಂಡೆ.

ಅದು ಸೊಕ್ಕಿನ ಮಾತಲ್ಲ. ನಿಜವಾಗಿಯೂ ಬರುತ್ತಿರಲಿಲ್ಲ. ಅದು ಕಲಿತದ್ದು ಬೆಳೆಯುವುದೊಂದೇ. ಸುತ್ತಿ ಹೋದರೆ ಎಷ್ಟು ದೂರ ಎಂದು ಸಂಕವ್ವ ಕೇಳಿದಳು. ಹದಿನೈದು ದಿನದ ದಾರಿ ಎಂದಿತು ಬಂಡೆ. ಇದನ್ನು ಮಾತ್ರ ಸ್ವಲ್ಪ ಸೊಕ್ಕಿನಿಂದಲೇ ಹೇಳಿತು.

ಅಷ್ಟರಲ್ಲಿ ಗಾಳಿ ಬಂತು. ದಿನಾ ಈ ಗೋಡೆ ಹತ್ತಿ ಇಳಿದು ಅದಕ್ಕೂ ಏದುಸಿರು. ಬಂಡೆಯ ಹೊಟ್ಟೆಯಲ್ಲಿ ಒಂದು ಬಾಗಿಲು ಕೊರೆದುಬಿಡೋಣ ಎಂದು ಅದೇ ಸೂಚಿಸಿತು. ಹೊಟ್ಟೆ ಕೊರೆದರೆ ಮೇಲಿನದೆಲ್ಲ ಕುಸಿದು ಬೀಳುತ್ತದೆ ಎಂದು ಬಂಡೆ ಹೆದರಿತು. ಏನೂ ಆಗುವುದಿಲ್ಲ ಎಂದಿತು ಗಾಳಿ, ಹಿಂದೆಂದೂ ಏನನ್ನೂ ಕಟ್ಟಿರದವರಿಗೆ ಮಾತ್ರ ಇರುವ ಧೈರ್ಯದಿಂದ.

ಗಾಳಿ ಸಂಕವ್ವನನ್ನು ಪಾದದಿಂದ ಹಣೆಯ ತನಕ ಅಳೆಯಿತು. ಹಿಡಿ ಹಿಡಿ ಮರಳು ತೆಗೆದುಕೊಂಡು ಉಜ್ಜಿತು, ಉಜ್ಜಿತು, ಉಜ್ಜಿತು. ಬಂಡೆಗೆ ಕಚಗುಳಿಯಾಗಿ ಮೈಯೆಲ್ಲ ಪುಡಿ ಉದುರಿತು. ಬಿಸಿಲು ಇಳಿಯುವ ಹೊತ್ತಿಗೆ ಚೌಕಾಕಾರದ ಒಂದು ಬಾಗಿಲಾಯಿತು, ಸರಿಯಾಗಿ ಸಂಕವ್ವನ ಎತ್ತರಕ್ಕೆ.

ಬುಟ್ಟಿಯನ್ನು ಗಾಳಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಹಾರಿಸಿಕೊಂಡು ಹೋಗುವವರಿಗೆ ಹೊರೆ ಎಂದರೆ ಏನು ಗೊತ್ತು?

ಸಂಕವ್ವ ಒಳಗೆ ಹೆಜ್ಜೆಯಿಟ್ಟಳು. ಬುಟ್ಟಿ ಮೇಲಿನ ಕಲ್ಲಿಗೆ ಬಡಿಯಿತು. ಎರಡು ರೊಟ್ಟಿ ಮುರಿದವು. ಅದೇ ಹೊತ್ತಿಗೆ ಚಪ್ಪಟೆ ಚಾವಣಿ ಚಟ್ ಎಂದು ಸೀಳು ಬಿಟ್ಟಿತು.

ಬುಟ್ಟಿ ಇಳಿಸಿ ಬೇಗ ತೆವಳಿಕೊಂಡು ಹೋಗು ಎಂದಿತು ಗಾಳಿ. ಇಳಿಸುವಂತಿಲ್ಲ ಎಂದಳು ಸಂಕವ್ವ. ನಾನು ಬಿದ್ದೆ, ನಾನು ಬಿದ್ದೆ ಎಂದು ಬಂಡೆ ಅಳತೊಡಗಿತು. ಹೊತ್ತು ಇಳಿಯುತ್ತಿತ್ತು.

ಸಂಕವ್ವನಿಗೆ ಕಲ್ಲಿನ ವಿಷಯ ಏನೂ ಗೊತ್ತಿರಲಿಲ್ಲ. ಹೊರೆಯ ವಿಷಯ ಗೊತ್ತಿತ್ತು.

"ಅಳಬ್ಯಾಡ," ಅಂದಳು. "ಭಾರ ಎಲ್ಲಾ ನಡಬರಕ ಹಿಡಕೊಂಡಿ, ಅದಕ್ಕ ನೋವು. ನನ್ನ ನೋಡು. ತಲಿಮ್ಯಾಲಿಂದು ಎರಡೂ ಕಾಲಿಗೆ ಇಳದು ನೆಲಕ್ಕ ಹೋಗತೈತಿ. ನೀನೂ ಎರಡು ಕಾಲಮ್ಯಾಲ ನಿಂದರು."

ಆಮೇಲೆ ಗಾಳಿಯ ಕಡೆ ತಿರುಗಿ, ಆ ಚೌಕ ಬಿಡು, ನನ್ನ ಬುತ್ತಿಯ ಗುಪ್ಪೆ ಹೇಗಿದೆಯೋ ಹಾಗೆ ದುಂಡಗೆ ಕೆರೆ ಎಂದಳು.

ಗಾಳಿಗೆ ಸ್ವಲ್ಪ ಸಿಟ್ಟು ಬಂತು. ಆದರೂ ಕೆರೆಯಿತು. ತಪ್ಪು ತೋರಿಸಿಕೊಟ್ಟರೆ ಕೆಲವರು ಹೇಳಿದ್ದಕ್ಕಿಂತ ಹತ್ತು ಪಟ್ಟು ಮಾಡಿ ತೋರಿಸುತ್ತಾರಲ್ಲ, ಹಾಗೆ ಆಳೆತ್ತರದ ಮೇಲೆ ಆಳೆತ್ತರ ಕೆರೆಯಿತು. ಮೂಲೆಗಳು ಉದುರಿದವು. ನೆತ್ತಿ ದುಂಡಗಾಯಿತು. ಮೇಲಿನ ಭಾರ ನಿಧಾನಕ್ಕೆ ಆ ಪಕ್ಕಕ್ಕೆ, ಈ ಪಕ್ಕಕ್ಕೆ ಜಾರಿ ನೆಲ ಸೇರಿತು. ಸೀಳಿನ ಚಟಚಟ ಸದ್ದು ನಿಂತಿತು.

ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಬಂಡೆ, ಹುಟ್ಟಿದಾಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಿತು. ಇಷ್ಟು ದಿನ ಗಾಳಿಯನ್ನು ಎದೆಕೊಟ್ಟು ತಡೆದು ನಿಂತಿದ್ದೇ ದೊಡ್ಡ ಕೆಲಸವಾಗಿತ್ತು ಎಂಬುದು ಆ ಕೆಲಸ ಹೋದ ಮೇಲೆಯೇ ಅದಕ್ಕೆ ತಿಳಿದದ್ದು.

ಸಂಕವ್ವ ಕುತ್ತಿಗೆ ನೆಟ್ಟಗಿಟ್ಟುಕೊಂಡು ಆಚೆ ನಡೆದಳು. ದೀಪ ಹಚ್ಚುವ ಹೊತ್ತಿಗೆ ಮಗಳ ಹೊಸ್ತಿಲಲ್ಲಿ ಬುಟ್ಟಿ ಇಳಿಸಿದಳು.

ಬಾಳವ್ವ ಬಟ್ಟೆ ಸರಿಸಿ ನೋಡಿದಳು. "ಯವ್ವಾ, ಮ್ಯಾಲಿನವು ಎರಡೂ ಮುರದಾವಲ್ಲಬೇ."

"ಮುರದದ್ದು ಮೊದಲ ತಿನ್ನು."

ಬಾಳವ್ವ ತಿಂದಳು. ಮುರಿದ ಎರಡು ತಿಂದು, ಇಡಿಯದೊಂದು ತಿಂದು, ಮತ್ತೊಂದಕ್ಕೆ ಕೈ ಚಾಚಿದಳು. ಆಗ ಸಂಕವ್ವ ಗೋಡೆಗೆ ಒರಗಿ ಕೂತು, ಬೆಳಗಿನಿಂದ ಮೊದಲ ಸಲ ಕುತ್ತಿಗೆ ಬಾಗಿಸಿದಳು.

ಮರುದಿನ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ತವರಿಗೆ ಹೊರಟವರು ಬಂಡೆಯ ಕಾಲುಗಳ ನಡುವೆಯೇ ಹಾದು ಬಂದರು. ಅಕ್ಕಪಕ್ಕದ ಬಂಡೆಗಳು ಇದನ್ನು ನೋಡಿ ತಮಗೂ ಹಾಗೆಯೇ ಹಗುರ ಮಾಡಿಕೊಡು ಎಂದು ಗಾಳಿಗೆ ದುಂಬಾಲು ಬಿದ್ದವು. ಗಾಳಿಗೆ ಅಂದಿನಿಂದ ಬಿಡುವಿಲ್ಲ.

ಅದಕ್ಕೇ ನೋಡು ಮಗಾ, ಇವತ್ತಿಗೂ ಆ ಕೆಂಪು ಸೀಮೆಯಲ್ಲಿ ಅರ್ಧ ದಿನ ನಡೆದರೆ ಎರಡು ಕಾಲಿನ ಮೇಲೆ ನಿಂತ ಬಂಡೆಗಳು ಸಿಗುತ್ತವೆ: ನೆತ್ತಿ ದುಂಡಗೆ, ಬುಡದಲ್ಲಿ ಮರಳಿನ ರಾಶಿ, ನಡುವೆ ತಣ್ಣನೆಯ ಗಾಳಿ. ಅಷ್ಟು ಎತ್ತರದ ಕಮಾನಿನ ಕೆಳಗೆ ಹಾಯುವಾಗ ದೊಡ್ಡವರು ಮಾತ್ರ, ಬುಟ್ಟಿ ಬಡಿದೀತು ಎಂಬಂತೆ, ಈಗಲೂ ತಲೆ ತಗ್ಗಿಸುತ್ತಾರೆ, ತಲೆಯ ಮೇಲೆ ಏನೂ ಇಲ್ಲದಿದ್ದರೂ.