ಕಬ್ಬಿಣದ ಭಸ್ಮವೂ ಅಕ್ಕಿಕಾಳೂ

ಮರುಳಯ್ಯ ಪಂಡಿತರು ಕಬ್ಬಿಣದ ಪುಡಿಯನ್ನು ತ್ರಿಫಲೆಯ ಕಷಾಯದಲ್ಲಿ ಅರೆದು, ಕುಡಿಕೆಯಲ್ಲಿಟ್ಟು, ಬೆರಣಿಯ ಬೆಂಕಿಯಲ್ಲಿ ಇಪ್ಪತ್ತು ಸಲ ಸುಟ್ಟಿದ್ದರು. ಪ್ರತಿ ಸಲವೂ ಅದನ್ನು ಬಟ್ಟಲಿನ ನೀರಿನ ಮೇಲೆ ಉದುರಿಸಿ, ಅದರ ಮೇಲೆ ಅದೇ ಅಕ್ಕಿಕಾಳನ್ನು ಇಡುತ್ತಿದ್ದರು. ಕಾಳನ್ನು ಹೊತ್ತು ತೇಲಿದರೆ ಭಸ್ಮ ಸಿದ್ಧ. ಮುಳುಗಿದರೆ ಮತ್ತೆ ಬೆಂಕಿ. ಇಪ್ಪತ್ತು ಸಲವೂ ಎರಡೂ ಮುಳುಗಿದ್ದವು.

"ಅಣ್ಣಾ, ನನಗೆ ಈಜು ಬರುವುದಿಲ್ಲ," ಎಂದಿತು ಅಕ್ಕಿಕಾಳು. "ನೆನೆದು ನೆನೆದು ಗಂಜಿಯಾಗುವ ಹಾಗಿದ್ದೇನೆ. ಮುಂದಿನ ಸಲವಾದರೂ ತೇಲು."

"ತೇಲುವುದು ತರಗೆಲೆಯ ಕೆಲಸ. ನಾನು ನೇಗಿಲಿನ ವಂಶದವನು," ಎಂದಿತು ಕಬ್ಬಿಣ.

"ಹಾಗಾದರೆ ಹೋಗು, ಸುಟ್ಟುಕೋ."

ಇಪ್ಪತ್ತೊಂದನೆಯ ಬೆಂಕಿಯಿಂದ ಬಂದ ಕಬ್ಬಿಣ ಮಾತಾಡದೆ ನೀರಿನ ಮೇಲೆ ಮಲಗಿತು. ಕಾಳು ಹೆದರುತ್ತಲೇ ಅದರ ಮೇಲೆ ಕುಳಿತಿತು. ಎರಡೂ ತೇಲಿದವು. ಪಂಡಿತರು ಭಸ್ಮ ತುಂಬಲು ಭರಣಿ ತಂದರು.

"ನೋಡಿದೆಯಾ?" ಎಂದಿತು ಕಬ್ಬಿಣ. "ಮೂರು ಲೋಕದಲ್ಲಿ ನನ್ನಷ್ಟು ಹಗುರಾದವನು ಇನ್ನೊಬ್ಬನಿಲ್ಲ!"

"ಸುಮ್ಮನಿರು, ಅಣ್ಣಾ," ಎಂದು ಕಾಳು ಹೇಳುವಷ್ಟರಲ್ಲಿ ಎರಡೂ ತಳ ಸೇರಿದವು.

ಪಂಡಿತರು ಭರಣಿ ಕೆಳಗಿಟ್ಟು ಬೆರಣಿ ಎತ್ತಿಕೊಂಡರು.

"ಪಂಡಿತರೇ," ಎಂದು ಕಾಳು ನೀರೊಳಗಿನಿಂದ ಕೂಗಿತು, "ಈ ಸಲ ಮೊದಲು ಅವನ ಬಾಯಿ ಸುಡಿ."