ನಿಮ್ಮ ಸಂದೇಶ ತಲುಪಿದೆ

“ಗುರುಗಳೇ, ಈ ಮೂರರಲ್ಲಿ ಯಾವ ವೆಬ್‌ಸೈಟನ್ನು ಆರಿಸಲಿ?” ಎಂದು ಪಾಲಾಕ್ಷ ಕೇಳಿದ.

ಆ ಬೆಳಿಗ್ಗೆ ಅವನು ಅದನ್ನು ಕೇಳಿದ್ದು ನಾಲ್ಕನೆಯ ಸಲ. ಕಾಫಿಗೆ ಮುಂಚೆ ಒಮ್ಮೆ ಕೇಳಿದ್ದ, ಕಾಫಿ ಕುಡಿಯುತ್ತಾ ಒಮ್ಮೆ ಕೇಳಿದ್ದ, ಲೋಟ ತೊಳೆದಿಟ್ಟು ಬಂದು ಮತ್ತೆ ಕೇಳಿದ್ದ. ಮೊಬೈಲನ್ನು ನಂಜುಂಡಾರಾಧ್ಯರ ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದನ್ನೇ ಸರಿಸಿ ತೋರಿಸುತ್ತಿದ್ದ. ಒಂದರಲ್ಲಿ ಕೊಡೆಯ ಕೆಳಗೆ ನಿಂತ ಸಂಸಾರ, ಇನ್ನೊಂದರಲ್ಲಿ ಎರಡು ಅಂಗೈ ನಡುವೆ ಪುಟ್ಟ ಮನೆ, ಮತ್ತೊಂದರಲ್ಲಿ ಸುಮ್ಮಸುಮ್ಮನೆ ನಗುವ ಒಬ್ಬ ಹೆಂಗಸು.

ಪಾಲಾಕ್ಷ ಪೇಟೆಯಲ್ಲಿ ಇನ್ಶೂರೆನ್ಸ್ ಬ್ರೋಕರ್. ಹತ್ತಾರು ಕಂಪನಿಗಳ ವಿಮೆಗಳಲ್ಲಿ ಯಾರಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಕೊಡಿಸುವುದು, ಹಾನಿಯಾದಾಗ ಅವರ ಪರವಾಗಿ ನಿಲ್ಲುವುದು ಅವನ ಕೆಲಸ. ನಂಜುಂಡಾರಾಧ್ಯರು ಅವನಿಗೆ ಅಕ್ಷರ ಕಲಿಸಿದವರು. ಈಗ ಊರಾಚೆ ನಲವತ್ತು ಮಕ್ಕಳ ವಿದ್ಯಾರ್ಥಿನಿಲಯ ನಡೆಸುತ್ತಿದ್ದರು. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಪಾಲಾಕ್ಷ ಅವರನ್ನು ಕೇಳುತ್ತಿದ್ದ. ಕೇಳಿ, ತನಗೆ ತೋಚಿದ್ದನ್ನೇ ಮಾಡುತ್ತಿದ್ದ.

ಅಂಗಳದಲ್ಲಿ ನಿಲಯದ ವ್ಯಾನು ನಿಂತಿತ್ತು. ಶಾಲೆಗೆ ಹೊರಟ ಮಕ್ಕಳು ಬ್ಯಾಗು ಹೊತ್ತು ಅದರ ಪಕ್ಕದಲ್ಲೇ ನಡೆದು ಹೋದರು. ಕೆಟ್ಟಿರಬೇಕು ಎಂದುಕೊಂಡ ಪಾಲಾಕ್ಷ, ಮತ್ತೆ ಮೊಬೈಲಿಗೆ ಬಗ್ಗಿದ.

“ಈಗ ಇರೋದು ಯಾಕಪ್ಪಾ ಬೇಡ?” ಎಂದರು ಗುರುಗಳು.

“ಅದಕ್ಕೆ ಕಳೆನೇ ಇಲ್ಲ ಗುರುಗಳೇ. ಅದನ್ನ ನೋಡಿ ಯಾರು ಬರ್ತಾರೆ?”

“ನೀನು ಅದನ್ನ ನೋಡಿ ಎಷ್ಟು ದಿನ ಆಯ್ತು?”

“ಅಯ್ಯೋ, ಅದರ ಪಾಡಿಗೆ ಅದು ನಡೀತಾ ಇದೆ ಬಿಡಿ. ಇದು ಹೇಳಿ, ನೀಲಿದೋ, ಹಸಿರುದೋ?”

ಗುರುಗಳು ಹಣೆ ಚಚ್ಚಿಕೊಂಡರು.

“ನಿನ್ನ ಕೈಲಿ ಸಾಕಾಗಿ ಹೋಯ್ತು ಕಣಯ್ಯ. ಆ ಮೊಬೈಲನ್ನ ಬೋರಲು ಹಾಕು. ಒಂದು ಕತೆ ಹೇಳ್ತೀನಿ. ಮುಗಿಯೋವರೆಗೂ ಬಣ್ಣದ ಮಾತು ಎತ್ತಿದರೆ ಎದ್ದು ಹೋಗ್ತೀನಿ” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವಿಮೆಯ ದಲ್ಲಾಳಿ ಇದ್ದ. ಜೀವಮಾನದಲ್ಲಿ ಎರಡು ಸೈಟು ಮಾಡಿದ್ದ. ಎರಡೂ ಬಡಾವಣೆಯ ಮೂಲೆ ಸೈಟುಗಳು. ಕೊಂಡ, ಕಲ್ಲು ನೆಡಿಸಿದ, ಸುತ್ತ ತಂತಿ ಎಳೆಸಿದ, ‘ಈ ಸ್ವತ್ತು ಇಂಥವರಿಗೆ ಸೇರಿದ್ದು’ ಎಂದು ಬೋರ್ಡು ಬರೆಸಿದ, ಮರೆತ. ಹತ್ತು ವರ್ಷ ಬಿಟ್ಟು ಹೋಗಿ ನೋಡಿದರೆ ಸೈಟು ಅಲ್ಲೇ ಇತ್ತು, ಬೆಲೆ ಏರಿತ್ತು. ಅಂದಿನಿಂದ ಸೈಟಿನ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಭ ಅವನಿಗೆ.

ದೂರದ ಊರಿನವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾದರೆ ವೆಬ್‌ಸೈಟು ಇರಬೇಕು ಎಂದು ಯಾರೋ ಹೇಳಿದರು. ಅವನ ಕಿವಿಗೆ ಬಿದ್ದದ್ದು ‘ಸೈಟು’ ಎಂಬ ಅರ್ಧ ಮಾತ್ರ.

ಆರಿಸುವುದಕ್ಕೇ ಮೂರು ತಿಂಗಳು ಹಿಡಿಯಿತು. ವೆಬ್‌ಸೈಟು ಮಾಡಿಕೊಡುವವಳ ಪ್ರಾಣ ತಿಂದ. ಕೊಡೆಯ ಬಣ್ಣ ಆರು ಸಲ ಬದಲಾಯಿಸಿದ. ಫೋನ್ ನಂಬರು ಈಶಾನ್ಯ ಮೂಲೆಯಲ್ಲೇ ಇರಬೇಕು ಎಂದ. ಅವಳು ಮೇಲುಗಡೆ ಬಲಕ್ಕೆ ಹಾಕಿಕೊಟ್ಟಳು. ಬಾಗಿಲು ಪೂರ್ವಕ್ಕೆ ಬರಲಿ ಎಂದ. ‘ಇದಕ್ಕೆ ಬಾಗಿಲು ಅಂತ ಇರಲ್ಲ ಸಾರ್’ ಎಂದು ಅವಳು ಹೇಳಿ ಹೇಳಿ ಸುಸ್ತಾದಳು. ಕೊನೆಗೆ ಒಳ್ಳೆಯ ಮುಹೂರ್ತ ನೋಡಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಆಫೀಸಿನ ಮುಂದೆ ಬೂದುಗುಂಬಳಕಾಯಿ ಒಡೆದು, ಬೀದಿಯವರಿಗೆಲ್ಲ ಲಾಡು ಹಂಚಿದ್ದಾಯಿತು.

ಹೊರಡುವ ಮುಂಚೆ ಅವಳು ಒಂದು ಚೀಟಿ ಕೊಟ್ಟಳು. ‘ಸಾರ್, ಜನ ಫಾರಂನಲ್ಲಿ ಬರೆದದ್ದೆಲ್ಲ ಒಂದು ಮೇಲ್‌ಗೆ ಬರುತ್ತೆ. ಅದರ ಪಾಸ್‌ವರ್ಡ್ ಇದು. ದಿನಾ ತೆಗೆದು ಓದಬೇಕು. ನಂಬರು, ವಿಳಾಸ ಏನಾದರೂ ಬದಲಾದರೆ ಅವತ್ತೇ ಹೇಳಿ, ತಿದ್ದಿಕೊಡ್ತೀನಿ.’

ದಲ್ಲಾಳಿ ನಕ್ಕುಬಿಟ್ಟ. ‘ಸೈಟನ್ನ ಯಾರಮ್ಮ ದಿನಾ ಹೋಗಿ ನೋಡ್ತಾರೆ? ಅದೇನು ಎದ್ದು ಓಡಿಹೋಗುತ್ತಾ?’

ಚೀಟಿಯನ್ನು ಬೀರುವಿನಲ್ಲಿ ಸೈಟಿನ ಪತ್ರಗಳ ಜೊತೆ ಇಟ್ಟು ಬೀಗ ಹಾಕಿದ. ಎಂಥ ಭದ್ರ ನೋಡು!

ಕೆಲವು ತಿಂಗಳು ಕಳೆದವು. ಅಂಕಿಗಳನ್ನು ಕೂಡಿದರೆ ಒಂಬತ್ತು ಬರುವ ನಂಬರು ಒಳ್ಳೆಯದಂತೆ. ಅದಕ್ಕಾಗಿ ದಲ್ಲಾಳಿ ಹಳೆಯ ಮೊಬೈಲ್ ನಂಬರು ಬಿಟ್ಟು ಹೊಸದು ತೆಗೆದುಕೊಂಡ. ನೆಂಟರಿಗೆಲ್ಲ ಹೇಳಿದ. ಆಫೀಸಿನ ಬೋರ್ಡಿನ ಮೇಲೆ ಬರೆಸಿದ. ವೆಬ್‌ಸೈಟು ಮಾತ್ರ ಅವನ ನೆನಪಿಗೇ ಬರಲಿಲ್ಲ. ಅವನು ಬಿಟ್ಟ ನಂಬರು ಸ್ವಲ್ಪ ದಿನದಲ್ಲೇ ದೋಸೆಹಿಟ್ಟು ಮಾರುವ ಯಾರೋ ಒಬ್ಬನಿಗೆ ಹೋಯಿತು.

ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿಯ ಒಂದು ಊರಿನಲ್ಲಿ ಒಬ್ಬ ಹೆಂಗಸು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು. ಅವಳ ಅನ್ನಕ್ಕೆ ಇದ್ದದ್ದು ಅದೊಂದೇ. ಕುಂಬಳಕಾಯಿ ಒಡೆದ ಹೊಸದರಲ್ಲಿ ಆ ವೆಬ್‌ಸೈಟನ್ನು ನೋಡಿಯೇ ದಲ್ಲಾಳಿಗೆ ಫೋನ್ ಮಾಡಿ ಗಿರಣಿಗೆ ವಿಮೆ ಮಾಡಿಸಿದ್ದಳು. ಒಂದು ಮಧ್ಯಾಹ್ನ ವೈರು ಸುಟ್ಟು ಗಿರಣಿಗೆ ಬೆಂಕಿ ಹತ್ತಿತು. ಮೋಟಾರು, ಬೆಲ್ಟು, ಜನ ಬೀಸಲು ತಂದಿಟ್ಟಿದ್ದ ರಾಗಿ, ಜೋಳ, ಎಲ್ಲವೂ ಹೋಯಿತು. ವಿಮೆಯ ಕಾಗದವೂ ಅಲ್ಲೇ ಗೂಡಿನಲ್ಲಿತ್ತು. ಯಾವ ಕಂಪನಿಯ ವಿಮೆ ಎಂಬುದೂ ಅವಳಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಆ ಕೊಡೆಯ ಚಿತ್ರದ ವೆಬ್‌ಸೈಟು ಮಾತ್ರ.

ಅವಳು ಅದನ್ನು ತೆಗೆದು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ‘ದೋಸೆಹಿಟ್ಟಾ, ಇಡ್ಲಿಹಿಟ್ಟಾ? ಎಷ್ಟು ಕೆಜಿ?’ ಎಂದ ಆ ಕಡೆಯವನು. ಗಿರಣಿ ಸುಟ್ಟು ನಿಂತವಳ ಹತ್ತಿರ ಹಿಟ್ಟಿನ ಮಾತು! ಅವಳು ಫೋನ್ ಇಟ್ಟು ಅತ್ತಳು. ಬಲಗೈ ಸುಟ್ಟು ಬಟ್ಟೆ ಸುತ್ತಿಕೊಂಡಿದ್ದಳು. ಎಡಗೈ ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ವೆಬ್‌ಸೈಟಿನ ಫಾರಂನಲ್ಲಿ, ‘ಗಿರಣಿ ಸುಟ್ಟುಹೋಗಿದೆ, ಏನು ಮಾಡಲಿ ಹೇಳಿ’ ಎಂದು ಬರೆದಳು.

ಕಣ್ಣು ಮುಚ್ಚಿ ಬಿಡುವುದರೊಳಗೆ ಉತ್ತರ ಬಂತು. ‘ನಿಮ್ಮ ಸಂದೇಶ ನಮಗೆ ತಲುಪಿದೆ. ಶೀಘ್ರವೇ ಸಂಪರ್ಕಿಸುತ್ತೇವೆ. ನಿಶ್ಚಿಂತೆಯಿಂದಿರಿ.’

ನಿಶ್ಚಿಂತೆಯಿಂದ ಇರಬೇಕಂತೆ! ಹೇಳಿದವನು ಯಾರು? ಒಬ್ಬನೂ ಅಲ್ಲ. ಯಾರು ಏನು ಬರೆದರೂ ಅದೇ ಮೂರು ಸಾಲು ತಾನಾಗಿ ಹೋಗುವ ಹಾಗೆ ಮೊದಲೇ ಮಾಡಿಟ್ಟಿತ್ತು.

ಅದು ಅವಳಿಗೆ ಹೇಗೆ ಗೊತ್ತಾಗಬೇಕು? ನಂಬಿದಳು. ಊರವರು ವಿಚಾರಿಸಿದರೆ, ‘ಅವರಿಗೆ ತಲುಪಿದೆಯಂತೆ, ಬರ್ತಾರೆ’ ಎಂದು ಮೊಬೈಲು ತೋರಿಸಿದಳು. ಎರಡು ವಾರ ಕಾದಳು. ಬೆಂಕಿ ಆರಿಸಿದ ನೀರಿನಲ್ಲಿ ನೆಂದ ಧಾನ್ಯ ನಾರತೊಡಗಿತು. ಪಂಚಾಯಿತಿಯವರು ತೆಗೆಸು ಎಂದು ಗಂಟುಬಿದ್ದರು. ಹೇಗೂ ವಿಷಯ ತಲುಪಿದೆಯಲ್ಲ ಎಂದು ಅವಳು ಎಲ್ಲವನ್ನೂ ಬಳಿಸಿ ಹಾಕಿಸಿದಳು. ಕರಕಲಾದ ಮೋಟಾರನ್ನು ಗುಜರಿಯವನಿಗೆ ಕೊಟ್ಟಳು. ಹಾನಿ ಅಳೆಯುವ ಕಂಪನಿಯ ಸರ್ವೇಯರ್ ಬಂದು ಕಣ್ಣಾರೆ ನೋಡುವ ತನಕ ಒಂದು ಕಡ್ಡಿಯನ್ನೂ ಕದಲಿಸಬೇಡಮ್ಮ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವನು ದಲ್ಲಾಳಿ. ಅವನು ಇರುವುದೇ ಅದಕ್ಕೆ.

ಇಪ್ಪತ್ತನೆಯ ದಿನ ಅವಳೇ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಅವನ ಆಫೀಸಿಗೆ ಬಂದಳು. ದಲ್ಲಾಳಿ ಎಲ್ಲ ಕೇಳಿ ಗಾಬರಿಯಾದ.

‘ಅಯ್ಯೋ, ನನಗೆ ಏನೂ ತಲುಪೇ ಇಲ್ಲವಲ್ಲಮ್ಮ!’

ಅವಳು ಮೊಬೈಲನ್ನು ಅವನ ಮೇಜಿನ ಮೇಲೆ ಇಟ್ಟಳು. ‘ಹಂಗಾದ್ರೆ ತಲುಪಿದೆ ಅಂತ ಬರೆದೋರು ಯಾರು ಸ್ವಾಮಿ? ಕೆಳಗೆ ನಿಮ್ಮ ಹೆಸರೇ ಐತಲ್ಲ.’

ದಲ್ಲಾಳಿ ಎದ್ದು ಬೀರುವಿನ ಬೀಗ ತೆಗೆದ. ಪತ್ರಗಳ ನಡುವಿನಿಂದ ಚೀಟಿ ಹುಡುಕಿ ಮೇಲ್ ತೆರೆದ. ಅವಳು ಬರೆದದ್ದು ಅಲ್ಲೇ ಇತ್ತು. ಅವಳ ಹಾಗೆ ಬರೆದು ಕಾದ ಇನ್ನೂ ಅರವತ್ತು ಜನ ಇದ್ದರು. ಅವನು ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದ, ಕೈಕಾಲು ಹಿಡಿದು ಸರ್ವೇಯರನ್ನು ಕರೆಸಿದ. ಸರ್ವೇಯರ್ ನೋಡಿದ್ದು ಗುಡಿಸಿ ಸಾರಿಸಿದ ನೆಲ. ಕಂಪನಿ ಆಗುವುದಿಲ್ಲ ಎಂದುಬಿಟ್ಟಿತು. ಗಿರಣಿ ಮತ್ತೆ ಏಳಲಿಲ್ಲ. ಅವಳು ಈಗ ಪಕ್ಕದ ಊರಿನಲ್ಲಿ ಇನ್ನೊಬ್ಬರ ಗಿರಣಿಯಲ್ಲಿ ಕೂಲಿಗೆ ಹೋಗುತ್ತಾಳೆ.

ದಲ್ಲಾಳಿ ಕೆಟ್ಟವನಲ್ಲ. ಎರಡು ದಿನ ಅವನಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಏನು ಮಾಡಿದ ಗೊತ್ತೇ? ಈ ವೆಬ್‌ಸೈಟು ತನಗೆ ಆಗಿಬರಲಿಲ್ಲ ಎಂದು, ಹೊಸದೊಂದನ್ನು ಆರಿಸಲು ಕೂತ.

ಗುರುಗಳು ಕತೆ ನಿಲ್ಲಿಸಿ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

ಆ ಹೆಂಗಸಿನ ಎಡಗೈ ಹೆಬ್ಬೆರಳು ಪಾಲಾಕ್ಷನ ಮನಸ್ಸಿನಿಂದ ಹೋಗಲೊಲ್ಲದು. ಸಿಟ್ಟೂ ಬಂದಿತ್ತು.

“ಎಂಥ ಬೇಜವಾಬ್ದಾರಿ ಮನುಷ್ಯ ಗುರುಗಳೇ! ಅಂಥವನ ಲೈಸೆನ್ಸನ್ನೇ ಕಿತ್ತುಹಾಕಬೇಕು. ನನ್ನದು ಹಂಗಲ್ಲಪ್ಪ. ನಂಬರು ಸರಿಯಾಗಿದೆ, ಫಾರಂ ಇದೆ, ಬರೆದವರಿಗೆಲ್ಲ ತಕ್ಷಣ ಉತ್ತರಾನೂ ಹೋಗುತ್ತೆ. ಹೋದ ತಿಂಗಳು ನಿಮಗೇ ಹೇಳಿದ್ದೆನಲ್ಲ, ಇನ್ಮೇಲೆ ಫೋನ್ ಮಾಡೋ ತೊಂದರೆ ಬೇಡ, ಏನಿದ್ದರೂ ವೆಬ್‌ಸೈಟಲ್ಲೇ ಬರೆದುಬಿಡಿ ಅಂತ” ಎಂದ. ಬೋರಲು ಹಾಕಿದ್ದ ಮೊಬೈಲನ್ನು ಮತ್ತೆ ಕೈಗೆತ್ತಿಕೊಂಡ. “ಈಗಲಾದರೂ ಹೇಳಿ ಗುರುಗಳೇ, ಯಾವುದನ್ನ ಆರಿಸಲಿ?”

ನಂಜುಂಡಾರಾಧ್ಯರು ಕನ್ನಡಕ ಹಾಕಿಕೊಂಡು ಅಂಗಳದ ಕಡೆ ಕೈ ತೋರಿಸಿದರು.

“‘ವ್ಯಾನಿನ ವಿಮೆ ಮುಗೀತಾ ಬಂತು, ಮಕ್ಕಳನ್ನ ಕರೆದುಕೊಂಡು ಹೋಗೋ ಗಾಡಿ’ ಅಂತ ಹತ್ತು ದಿನದ ಹಿಂದೆ ನಿನ್ನ ವೆಬ್‌ಸೈಟಿನಲ್ಲಿ ಬರೆದೆ ಕಣಪ್ಪ, ‘ತಲುಪಿದೆ’ ಅಂತ ನನಗೂ ಉತ್ತರ ಬಂದಿದೆ.”

ಪಾಲಾಕ್ಷ ವ್ಯಾನಿನ ಕಡೆ ನೋಡಿದ. ಅದು ಕೆಟ್ಟಿರಲಿಲ್ಲ.